ಸಂಸ್ಥಾನ ಅಳಿಯಿತು, ಪಿಂಚಣಿಯ ಮಾತು ಉಳಿಯಿತು: ಬಿ.ಡಿ. ಜತ್ತಿ ಅವರ ಆಡಳಿತದ ಬದುಕು

ಬಾಗಲಕೋಟೆ ಜಿಲ್ಲೆಯ ಬಾಡಗಂಡಿಯಿಂದ ಹೊರಟು ಬೀಳಗಿ, ಜಮಖಂಡಿಗಳನ್ನು ಹಾದು ರಬಕವಿ-ಬನಹಟ್ಟಿಯನ್ನು ಮುಟ್ಟಿ, ಮುಧೋಳದ ಮೇಲೆ ಹಿಂದಿರುಗುವುದು ಇಂದು ಒಂದೇ ಜಿಲ್ಲೆಯೊಳಗಿನ ಪ್ರಯಾಣ. 1947ರಲ್ಲಿ ಇದೇ ಸುತ್ತನ್ನು ಹಾಕುವವನು ನಾಲ್ಕು ಆಡಳಿತಗಳ ಗಡಿಯನ್ನು ದಾಟಬೇಕಾಗಿತ್ತು. ಬೀಳಗಿ ಸೀಮೆ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿದ್ದವು. ಬನಹಟ್ಟಿಗೆ ಅಂಟಿಕೊಂಡಂತಿರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆ ಮನೆತನದ್ದು. ಪ್ರತಿಯೊಂದಕ್ಕೂ ತನ್ನದೇ ಖಜಾನೆ, ತನ್ನದೇ ಕಾರಕೂನರು, ತನ್ನದೇ ಸಂಬಳದ ಪಟ್ಟಿ.

ಆ ಕಾರಕೂನರು ಮುಪ್ಪಿಗೆ ಬಂದಾಗ ಅವರಿಗೆ ಅನ್ನ ಹಾಕುವವರು ಯಾರು? ಸರ್ಕಾರವೇ ಇಲ್ಲವಾದರೆ ಅದು ಕೊಟ್ಟ ಮಾತಿಗೆ ಹೊಣೆ ಯಾರು? ಸ್ವಾತಂತ್ರ್ಯಾನಂತರದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಪ್ರಶ್ನೆ ಉತ್ತರ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಎದ್ದಿತು. ಅದನ್ನು ಎರಡೂ ದಡಗಳಲ್ಲಿ ನಿಂತು ನೋಡಿದ ರಾಜಕಾರಣಿ ಬಸಪ್ಪ ದಾನಪ್ಪ ಜತ್ತಿ. ಅಳಿದುಹೋದ ಒಂದು ಸರ್ಕಾರಕ್ಕೆ ಅವರು ಕೊನೆಯ ದಿವಾನರು. ಐದು ಆಡಳಿತಗಳ ನೌಕರರನ್ನು ಒಟ್ಟಿಗೆ ಪಡೆದ ಹೊಸ ರಾಜ್ಯಕ್ಕೆ ಅವರು ಮುಖ್ಯಮಂತ್ರಿ.

ಸಾವಳಗಿಯಿಂದ ಪುರಸಭೆಗೆ

ಜತ್ತಿ ಅವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಜನಿಸಿದರು. ವಿಜಾಪುರದಲ್ಲಿ ಪ್ರೌಢಶಾಲೆಯನ್ನು ಮುಗಿಸಿ, ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಪದವಿಯನ್ನೂ ಅಲ್ಲಿಯೇ ಸೈಕ್ಸ್ ಕಾನೂನು ಕಾಲೇಜಿನಲ್ಲಿ ನ್ಯಾಯಶಾಸ್ತ್ರವನ್ನೂ ಓದಿದರು. ಬಳಿಕ ಜಮಖಂಡಿಗೆ ಮರಳಿ ವಕೀಲಿಯನ್ನು ಆರಂಭಿಸಿದರು.

ಅವರ ಸಾರ್ವಜನಿಕ ಜೀವನ ಮೊದಲಾದದ್ದು ಪುರಸಭೆಯಿಂದ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದ ಅವರು 1945ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ದೇಶದ ಅತ್ಯುನ್ನತ ಹುದ್ದೆಯ ಹೊಣೆ ಹೊತ್ತವರೊಬ್ಬರ ಮೊದಲ ಮೆಟ್ಟಿಲು ಇದು ಎಂಬುದು ಗಮನಾರ್ಹ.

ಸಣ್ಣ ಊರಿನ ಪುರಸಭೆಯೆಂದರೆ ಆಡಳಿತವನ್ನು ಬರಿಗಣ್ಣಿಗೆ ಕಾಣುವಷ್ಟು ಹತ್ತಿರದಿಂದ ತೋರಿಸುವ ಸಂಸ್ಥೆ. ಬೀದಿ ಗುಡಿಸುವವರು, ದೀಪ ಹಚ್ಚುವವರು, ಕರ ವಸೂಲಿಯ ಗುಮಾಸ್ತರು ಅಧ್ಯಕ್ಷರಿಗೆ ಮುಖಪರಿಚಯದವರೇ ಆಗಿರುತ್ತಾರೆ. ಯಾರು ಕಾಯಂ ನೌಕರರು, ಯಾರು ದಿನಗೂಲಿಯವರು, ಮೂವತ್ತು ವರ್ಷ ದುಡಿದವನಿಗೆ ಕೊನೆಗೆ ಏನು ಸಿಗುತ್ತದೆ ಎಂಬುದು ಅಂತಹ ಕಚೇರಿಯಲ್ಲಿ ಕಾನೂನಿನ ಪುಸ್ತಕದ ಪ್ರಶ್ನೆಯಾಗಿ ಉಳಿಯದು.

ಪುರಸಭೆಯಿಂದ ಜತ್ತಿ ಅವರು ಸಂಸ್ಥಾನದ ಶಾಸನಸಭೆಗೆ ಹೋದರು, ಅಲ್ಲಿಂದ ಸಂಸ್ಥಾನದ ಮಂತ್ರಿಮಂಡಲಕ್ಕೆ. 1948ರಲ್ಲಿ ಅವರು ಜಮಖಂಡಿಯ ದಿವಾನರಾದರು.

524 ಚದರ ಮೈಲಿಯ ಸರ್ಕಾರ

ಜಮಖಂಡಿ ಸಂಸ್ಥಾನದ ವಿಸ್ತೀರ್ಣ ಸುಮಾರು 524 ಚದರ ಮೈಲಿ. ದೊಡ್ಡ ಸಂಸ್ಥಾನಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಆದರೂ ಅದು ಪೂರ್ಣ ಪ್ರಮಾಣದ ಸರ್ಕಾರವೇ ಆಗಿತ್ತು. ಸರ್ಕಾರವೊಂದಿದ್ದಲ್ಲಿ ಅದಕ್ಕಾಗಿ ಬದುಕನ್ನು ಸವೆಸುವ ನೌಕರರೂ ಇರುತ್ತಾರೆ.

ಅರಸರಾದ ಶಂಕರರಾವ್ ಪಟವರ್ಧನರೊಡನೆ ದಿವಾನ ಜತ್ತಿ ಅವರ ಸಂಬಂಧ ಸೌಹಾರ್ದದ್ದಾಗಿತ್ತು. ಸಂಸ್ಥಾನವನ್ನು ಭಾರತದೊಳಗೆ ಬೆರೆಸುವ ಕಾರ್ಯ ಕಲಹವಿಲ್ಲದೆ ನಡೆಯಿತು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡಿತು. ಆ ದಿನ ದಿವಾನಗಿರಿಯೂ ಮುಗಿಯಿತು. ಜತ್ತಿ ಅವರು ಮರಳಿ ಕರಿಕೋಟನ್ನು ತೊಟ್ಟು ನ್ಯಾಯಾಲಯಕ್ಕೆ ನಡೆದರು.

ದಿವಾನರಿಗೆ ವಕೀಲಿ ಇತ್ತು. ಕಾರಕೂನನಿಗೆ ಇದ್ದದ್ದು ಸೇವೆಯ ದಾಖಲೆ ಮಾತ್ರ. ವಿಲೀನದ ಕಾಲದ ಒಡಂಬಡಿಕೆಗಳಲ್ಲಿ ಎರಡು ಭರವಸೆಗಳಿಗೆ ಸ್ಥಾನ ದೊರೆತಿತ್ತು. ಕಾಯಂ ನೌಕರರನ್ನು ಮೊದಲಿನ ಷರತ್ತುಗಳಿಗೆ ಕಡಿಮೆಯಾಗದಂತೆ ಮುಂದುವರಿಸಬೇಕು, ಇಲ್ಲವೇ ಸೂಕ್ತ ಪರಿಹಾರ ಕೊಡಬೇಕು ಎಂಬುದು ಒಂದು. ಅದಾಗಲೇ ನಿವೃತ್ತರಾದವರಿಗೆ ಮಂಜೂರಾಗಿದ್ದ ಪಿಂಚಣಿಯನ್ನು ನಿಲ್ಲಿಸಬಾರದು ಎಂಬುದು ಇನ್ನೊಂದು. ಸಂಸ್ಥಾನ ಸತ್ತರೂ ಅದರ ಸಾಲ ಸಾಯದು ಎಂಬ ತತ್ತ್ವ ಇದು.

ಕಾಗದದ ಮೇಲೆ ಸರಳವಾದ ಈ ತತ್ತ್ವ ಕಚೇರಿಯ ಮೇಜಿನ ಮೇಲೆ ಕಠಿಣವಾಗುತ್ತದೆ. ಪಿಂಚಣಿ ಬೇಕಾದರೆ ಅರ್ಹ ಸೇವೆಯ ವರ್ಷಗಳನ್ನು ಲೆಕ್ಕ ಹಾಕಬೇಕು. ಅದಕ್ಕೆ ಸೇವಾ ಪುಸ್ತಕ ಬೇಕು. ಮರಾಠಿ ಆಡಳಿತವಿದ್ದ ಈ ಸೀಮೆಯ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳು ತುಂಬಿದ್ದವು. ಹೊಸ ಕಚೇರಿಯ ಗುಮಾಸ್ತನಿಗೆ ಓದಲು ಬಾರದ ಒಂದು ಪುಟದಲ್ಲಿ ಹಳೆಯ ಗುಮಾಸ್ತನ ಹತ್ತು ವರ್ಷದ ಬದುಕು ಅಡಗಿರಬಹುದಾಗಿತ್ತು.

ಅರಸರಿಗೂ ಭರವಸೆ ಸಿಕ್ಕಿತ್ತು. ಅದು ರಾಜಧನ. ಸಂವಿಧಾನದ 291ನೆಯ ವಿಧಿಯೇ ಅದಕ್ಕೆ ರಕ್ಷಣೆ ನೀಡಿತ್ತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಅದನ್ನು ಅಳಿಸಿಹಾಕಿತು. ಸಂವಿಧಾನದಲ್ಲಿ ಬರೆದಿದ್ದ ಅರಸರ ಹಕ್ಕು ರದ್ದಾಯಿತು. ವಿಲೀನವಾದ ಸಂಸ್ಥಾನಗಳ ನಿವೃತ್ತ ನೌಕರರ ಸಣ್ಣ ಪಿಂಚಣಿಯ ಹೊಣೆ ಮಾತ್ರ ಉತ್ತರಾಧಿಕಾರಿ ಸರ್ಕಾರಗಳ ಮೇಲೆಯೇ ಉಳಿಯಿತು.

ರೂಪಾಯಿಗೆ ಒಂದಾಣೆ

ವಕೀಲಿಗೆ ಮರಳಿದ ಜತ್ತಿ ಅವರು ಅಲ್ಲಿ ಬಹುಕಾಲ ಉಳಿಯಲಿಲ್ಲ. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿ ಶಾಸನಸಭೆಗೆ ನಾಮಕರಣ ಮಾಡಲಾಯಿತು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಯಾಗಿ, ರಾಜ್ಯ ಪುನರ್ವಿಂಗಡಣೆಯ ತನಕ ಆ ಸ್ಥಾನದಲ್ಲಿದ್ದರು.

ಕಾರ್ಮಿಕರ ಭದ್ರತೆಯ ಇತಿಹಾಸದಲ್ಲಿ ಆ ನಾಲ್ಕು ವರ್ಷಗಳು ಮಹತ್ವದವು. 1952ರಲ್ಲಿ ನೌಕರರ ಭವಿಷ್ಯನಿಧಿ ಕಾಯ್ದೆ ಬಂದಿತು. ಜವಳಿಯೂ ಸೇರಿದಂತೆ ಆರು ಉದ್ದಿಮೆಗಳಿಗೆ ಅದು ಮೊದಲು ಅನ್ವಯಿಸಿತು. ಕಾರ್ಮಿಕನ ವಂತಿಗೆ ಶೇಕಡ 6.25, ಅಂದರೆ ಆಗಿನ ಲೆಕ್ಕದಲ್ಲಿ ರೂಪಾಯಿಗೆ ಒಂದಾಣೆ. ಅಷ್ಟನ್ನೇ ಮಾಲೀಕನೂ ಸೇರಿಸಬೇಕಾಗಿತ್ತು. 1954ರ ಅಕ್ಟೋಬರಿನಲ್ಲಿ ಕಾರ್ಮಿಕ ರಾಜ್ಯ ವಿಮಾ ಯೋಜನೆ ಮುಂಬಯಿ ನಗರಕ್ಕೆ ಕಾಲಿಟ್ಟಿತು. ಈ ಯೋಜನೆಯಲ್ಲಿ ವೈದ್ಯಕೀಯ ಸೌಲಭ್ಯವನ್ನು ಒದಗಿಸುವ ಹೊಣೆ ರಾಜ್ಯ ಸರ್ಕಾರದ್ದು. ಆರೋಗ್ಯ ಮತ್ತು ಕಾರ್ಮಿಕ ಖಾತೆಗಳೆರಡೂ ಅದರಲ್ಲಿ ಕೂಡುತ್ತಿದ್ದವು.

ಜಮಖಂಡಿಯಿಂದ ಹೋದ ಉಪಮಂತ್ರಿಗೆ ಇದರ ಇನ್ನೊಂದು ಮುಖ ಅಪರಿಚಿತವಾಗಿರಲಾರದು. ಭವಿಷ್ಯನಿಧಿ ಕಾಯ್ದೆ ಆರಂಭದಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾಗಿತ್ತು. ಮುಂಬಯಿಯ ಗಿರಣಿ ಕಾರ್ಮಿಕ ಅದರೊಳಗೆ ಬಂದ. ಬನಹಟ್ಟಿ, ರಬಕವಿಗಳಲ್ಲಿ ಮನೆಯ ಮಗ್ಗದ ಮುಂದೆ ಕುಳಿತು ಸೀರೆ ನೇಯುವ ನೇಕಾರ ಬರಲಿಲ್ಲ. ಇಬ್ಬರೂ ನೇಯುವುದು ಬಟ್ಟೆಯನ್ನೇ, ಇಬ್ಬರಿಗೂ ಬರುವುದು ಮುಪ್ಪೇ. ಕಾನೂನು ಮಾತ್ರ ಒಬ್ಬನನ್ನು ಕಂಡಿತು.

ಐದು ಆಡಳಿತ, ಒಂದು ನಿಯಮ

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಹಳೆಯ ಮೈಸೂರು, ಮುಂಬಯಿಯ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ, ಹೈದರಾಬಾದಿನ ರಾಯಚೂರು, ಗುಲಬರ್ಗಾ ಮತ್ತು ಬೀದರ, ಮದ್ರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು ಒಂದಾದವು. ಭೂಪಟವನ್ನು ಒಂದು ದಿನದಲ್ಲಿ ಕೂಡಿಸಬಹುದು. ನೌಕರರ ಕಡತಗಳನ್ನು ಕೂಡಿಸುವುದು ಹಾಗಲ್ಲ.

ಮೈಸೂರಿನವರಿಗೆ ಮೈಸೂರಿನ ಸೇವಾ ನಿಬಂಧನೆಗಳಿದ್ದವು. ಮುಂಬಯಿಯಿಂದ ಬಂದವರಿಗೆ ಅಲ್ಲಿಯ ನಿಯಮಗಳು, ಹೈದರಾಬಾದಿನವರಿಗೆ ನಿಜಾಮರ ಕಾಲದಿಂದ ಬಂದ ನಿಯಮಗಳು. ಒಂದೇ ಕಚೇರಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರ ಸಂಬಳ, ರಜೆ, ನಿವೃತ್ತಿ ವೇತನದ ಲೆಕ್ಕ ಬೇರೆ ಬೇರೆಯಾಗಿದ್ದವು. ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 115ನೆಯ ಕಲಮು ಇವರಿಗೆ ಗುರಾಣಿಯಾಯಿತು. ಹಂಚಿಕೆಯಾಗಿ ಬಂದ ನೌಕರನ ಸೇವಾ ಷರತ್ತುಗಳನ್ನು ಅವನಿಗೆ ನಷ್ಟವಾಗುವಂತೆ ಬದಲಿಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂದು ಅದು ವಿಧಿಸಿತು. ಪಿಂಚಣಿಯ ಹೊಣೆಯನ್ನು ರಾಜ್ಯಗಳ ನಡುವೆ ಹಂಚುವ ವಿಧಿಯೂ ಅದೇ ಕಾಯ್ದೆಯಲ್ಲಿತ್ತು.

ಪುನರ್ವಿಂಗಡಣೆಯ ನಂತರ ಜತ್ತಿ ಅವರು ಮೈಸೂರು ವಿಧಾನಸಭೆಯ ಸದಸ್ಯರಾಗಿ, ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ಕೆಲಸ ಮಾಡಿದರು. ಎಸ್. ನಿಜಲಿಂಗಪ್ಪ ಅವರ ನಂತರ 1958ರ ಮೇ 16ರಂದು ಮುಖ್ಯಮಂತ್ರಿಯಾದರು. ಎತ್ತರದಲ್ಲಿ ಕುಳ್ಳರಾದ, ಬೆಂಗಳೂರಿನ ರಾಜಕೀಯ ವಲಯಕ್ಕೆ ಹೊಸಬರಾದ ಈ ಜಮಖಂಡಿಯ ವಕೀಲರು 1962ರ ಮಾರ್ಚ್ 9ರವರೆಗೆ ಆ ಸ್ಥಾನದಲ್ಲಿದ್ದರು.

ಅವರು ಅಧಿಕಾರಕ್ಕೆ ಬರುವ ಎರಡೂವರೆ ತಿಂಗಳ ಮೊದಲು, 1958ರ ಮಾರ್ಚ್ 1ರಿಂದ ಮೈಸೂರು ನಾಗರಿಕ ಸೇವಾ ನಿಯಮಗಳು ಜಾರಿಗೆ ಬಂದಿದ್ದವು. ಇಂದು ಕರ್ನಾಟಕದ ಪ್ರತಿ ಸರ್ಕಾರಿ ಕಚೇರಿಯಲ್ಲಿ ಕೆ.ಸಿ.ಎಸ್.ಆರ್. ಎಂದೇ ಪರಿಚಿತವಾದ ಪುಸ್ತಕ ಅದು. ನಿವೃತ್ತಿ ವೇತನಕ್ಕೆ ಯಾವ ಸೇವೆ ಅರ್ಹ, ಎಷ್ಟು ವರ್ಷಕ್ಕೆ ಎಷ್ಟು, ಸೇವೆಯಲ್ಲಿ ಕಡಿತ ಬಿದ್ದರೆ ಗತಿಯೇನು ಎಂಬುದೆಲ್ಲ ಅದರಲ್ಲಿದೆ. ನಿಯಮ ಹಿಂದಿನ ಸರ್ಕಾರದ್ದು, ಅದನ್ನು ನಡೆಸುವ ಮೊದಲ ನಾಲ್ಕು ವರ್ಷಗಳ ಭಾರ ಬಹುಪಾಲು ಬಿದ್ದದ್ದು ಜತ್ತಿ ಸರ್ಕಾರದ ಮೇಲೆ.

ಅದೇ 1958ರಲ್ಲಿ ಕಡ್ಡಾಯ ಜೀವವಿಮೆಯ ನಿಯಮಗಳೂ ರೂಪುಗೊಂಡವು. ಸರ್ಕಾರಿ ನೌಕರರಿಗೆ ವಿಮೆ ಎಂಬ ಕಲ್ಪನೆ ಹಳೆಯ ಮೈಸೂರಿಗೆ ಹೊಸದೇನಲ್ಲ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿಯೇ ಅದು ಅಲ್ಲಿ ಮೊದಲಾಗಿತ್ತು. ಹೊಸ ರಾಜ್ಯದಲ್ಲಿ ವಿಜಾಪುರದ ಗುಮಾಸ್ತನೂ ಬೀದರದ ಗುಮಾಸ್ತನೂ ಅದರ ನೆರಳಿಗೆ ಬರುವಂತಾಯಿತು.

ಎಲ್ಲವೂ ಸುಗಮವಾಗಿತ್ತೆಂದು ಹೇಳಲಾಗದು. ಯಾರು ಹಿರಿಯರು, ಯಾರು ಕಿರಿಯರು ಎಂಬ ಜ್ಯೇಷ್ಠತಾ ಪಟ್ಟಿಯ ವಿವಾದಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದವು. ಜ್ಯೇಷ್ಠತೆ ತಪ್ಪಿದರೆ ಬಡ್ತಿ ತಪ್ಪುತ್ತದೆ, ಬಡ್ತಿ ತಪ್ಪಿದರೆ ಕೊನೆಯ ಸಂಬಳ ಇಳಿಯುತ್ತದೆ, ಅದರೊಂದಿಗೆ ಪಿಂಚಣಿಯೂ. ತೀರ್ಪು ಬರುವ ಮೊದಲೇ ಮುಪ್ಪು ಬಂದವರೂ ಇದ್ದರು.

ವತನದ ಅಂತ್ಯ

ಜತ್ತಿ ಅವರ ಅಧಿಕಾರಾವಧಿಯಲ್ಲಿ ಸ್ಥಳೀಯ ಆಡಳಿತವೂ ಹೊಸ ರೂಪ ತಳೆಯಿತು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಗ್ರಾಮ ಪಂಚಾಯಿತಿ, ತಾಲ್ಲೂಕು ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳನ್ನು ರಾಜ್ಯದಾದ್ಯಂತ ತಂದಿತು.

ಅದಕ್ಕಿಂತ ಆಳಕ್ಕೆ ಇಳಿದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. ಅಲ್ಲಿಯವರೆಗೆ ಊರಿನ ಪಾಟೀಲ, ಕುಲಕರ್ಣಿ, ಶಾನುಭೋಗ, ತಳವಾರ, ವಾಲೀಕಾರರು ವಂಶಪಾರಂಪರ್ಯವಾಗಿ ಆ ಹುದ್ದೆಗಳನ್ನು ಪಡೆಯುತ್ತಿದ್ದರು. ಅವರಿಗೆ ಪಿಂಚಣಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ವತನದ ಜಮೀನೇ ಅವರ ಸಂಬಳ, ಅದೇ ಅವರ ಮುಪ್ಪಿನ ಆಸರೆ. ತಂದೆ ಕೈಲಾಗದವನಾದಾಗ ಮಗ ಹುದ್ದೆಗೆ ಬರುತ್ತಿದ್ದ, ಹೊಲ ಮನೆಯಲ್ಲೇ ಉಳಿಯುತ್ತಿತ್ತು. ಒಂದು ಅರ್ಥದಲ್ಲಿ ಅದು ಈ ನಾಡಿನ ಅತಿ ಹಳೆಯ ಸ್ಥಳೀಯ ಪಿಂಚಣಿ ವ್ಯವಸ್ಥೆ. ಜಾತಿ ಮತ್ತು ಹುಟ್ಟನ್ನು ನೋಡಿ ಕೊಡುತ್ತಿದ್ದ ವ್ಯವಸ್ಥೆಯೂ ಹೌದು.

1963ರ ಫೆಬ್ರವರಿ 1ರಿಂದ ಈ ಕಾಯ್ದೆ ಜಾರಿಯಾದಾಗ ಜತ್ತಿ ಅವರು ಮುಖ್ಯಮಂತ್ರಿಯಾಗಿ ಉಳಿದಿರಲಿಲ್ಲ. ವತನದ ಜಮೀನುಗಳು ಸರ್ಕಾರಕ್ಕೆ ಸೇರಿ, ನಿಗದಿತ ಹಣ ಕಟ್ಟಿದವರಿಗೆ ಮರುಮಂಜೂರಾದವು. ಕುಲಕರ್ಣಿ, ಶಾನುಭೋಗರ ಜಾಗಕ್ಕೆ ಸಂಬಳ ಮತ್ತು ಪಿಂಚಣಿಯುಳ್ಳ ಗ್ರಾಮ ಲೆಕ್ಕಿಗರು ಬಂದರು. ಹುಟ್ಟಿನ ಹಕ್ಕು ಹೋಗಿ ಸೇವೆಯ ಹಕ್ಕು ಬಂದಿತು. ಆದರೆ ಊರ ಕೆಳಸ್ತರದ ಸೇವಕರಿಗೆ ಈ ವಿನಿಮಯ ಅಷ್ಟು ಲಾಭದ್ದಾಗಲಿಲ್ಲ. ಅವರ ಕೆಲಸ ಕಾಯಂ ಹುದ್ದೆಯಾಗಿ ಬದಲಾಗದೆ ಗೌರವಧನದ ದುಡಿಮೆಯಾಗಿ ಮುಂದುವರಿಯಿತು. ಗ್ರಾಮ ಸಹಾಯಕರ ಬೇಡಿಕೆಗಳ ಬೇರು ಇಲ್ಲಿದೆ.

ಜತ್ತಿ ಸಮಿತಿಯ ಆಧಾರದ ಮೇಲೆ ಬಂದ 1961ರ ಭೂಸುಧಾರಣಾ ಕಾಯ್ದೆಗೂ ಇದೇ ಬಗೆಯ ಮಿತಿಗಳಿದ್ದವು. ಸ್ವಂತ ಸಾಗುವಳಿಗೆಂದು ಜಮೀನನ್ನು ಹಿಂಪಡೆಯಲು ಅದು ಒಡೆಯರಿಗೆ ಅವಕಾಶವಿತ್ತಿತು. 1965ರ ಅಕ್ಟೋಬರ್ 2ರಂದಷ್ಟೇ ಜಾರಿಗೆ ಬಂದಿತು. ಗೇಣಿದಾರನಿಗೆ ನಿಜವಾದ ಬಲ ಬಂದದ್ದು 1974ರಲ್ಲಿ ದೇವರಾಜ ಅರಸು ಅವರು ತಂದ ತಿದ್ದುಪಡಿಯಿಂದ. ಬಾಗಿಲನ್ನು ತೆರೆದವರು ಜತ್ತಿ ಎಂಬುದೂ ನಿಜ, ಅದನ್ನು ಅರ್ಧವೇ ತೆರೆದರು ಎಂಬುದೂ ನಿಜ.

ಹಣಕಾಸಿನಿಂದ ರಾಷ್ಟ್ರಪತಿ ಭವನಕ್ಕೆ

1962ರ ಚುನಾವಣೆಯ ನಂತರ ಎಸ್.ಆರ್. ಕಂಠಿ ಅವರು ಕೆಲಕಾಲ ಮುಖ್ಯಮಂತ್ರಿಯಾಗಿದ್ದು, ಜೂನ್‌ನಲ್ಲಿ ನಿಜಲಿಂಗಪ್ಪ ಅವರಿಗೆ ಸ್ಥಾನ ಬಿಟ್ಟುಕೊಟ್ಟರು. ಮುಖ್ಯಮಂತ್ರಿಯಾಗಿದ್ದ ಜತ್ತಿ ಅವರು ಆ ವರ್ಷ ನಿಜಲಿಂಗಪ್ಪ ಸಂಪುಟದಲ್ಲಿ ಹಣಕಾಸು ಸಚಿವರಾಗಿ ಕುಳಿತರು. ಆ ಸರ್ಕಾರದ ಕಾಲದಲ್ಲಿಯೇ, 1964ರಲ್ಲಿ, ಸರ್ಕಾರಿ ನೌಕರರ ಕುಟುಂಬ ಪಿಂಚಣಿ ನಿಯಮಗಳು ಬಂದವು. ನೌಕರನೊಂದಿಗೆ ಅವನ ಮನೆಯ ಆದಾಯವೂ ಚಿತೆಯೇರುತ್ತಿದ್ದ ಸ್ಥಿತಿಗೆ ಒಂದು ತಡೆ ಬಿದ್ದಿತು. ಸರ್ಕಾರಿ ನೌಕರಿಯ ಹೊರಗಿದ್ದ ನಿರ್ಗತಿಕ ವೃದ್ಧರಿಗೆ ವೃದ್ಧಾಪ್ಯ ವೇತನ ದೊರೆಯಲಾರಂಭಿಸಿದ್ದೂ ಆ ದಶಕದ ನಡುವಿನಲ್ಲಿಯೇ.

ಮುಂದಿನ ಹಾದಿ ಕರ್ನಾಟಕದ ಹೊರಗೆ ಸಾಗಿತು. 1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾದ ರಾಜ್ಯಪಾಲ, 1974ರ ಆಗಸ್ಟ್ 31ರಂದು ಉಪರಾಷ್ಟ್ರಪತಿ. ಫಕ್ರುದ್ದೀನ್ ಅಲಿ ಅಹಮದ್ ಅವರ ನಿಧನದಿಂದಾಗಿ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಅವರು ಹಂಗಾಮಿ ರಾಷ್ಟ್ರಪತಿ. ತುರ್ತು ಪರಿಸ್ಥಿತಿ ಕೊನೆಗೊಂಡದ್ದು ಅವರ ಕಾಲದಲ್ಲಿ. ಉಪಮಂತ್ರಿಯಾಗಿ ತಾವು ಯಾರ ಕೈಕೆಳಗೆ ದುಡಿದಿದ್ದರೋ ಆ ಮೊರಾರ್ಜಿ ದೇಸಾಯಿ ಅವರಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರೂ ಅವರೇ.

ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಜನತಾ ಸರ್ಕಾರದ ಶಿಫಾರಸಿಗೆ ಅವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಬಿಕ್ಕಟ್ಟಿನ ವಾತಾವರಣವೇ ಉಂಟಾಯಿತು. ಏಪ್ರಿಲ್ 30ರಂದು ಸಹಿ ಬಿದ್ದಿತು. ಅವರದು ವಿವೇಚನೆಯೋ ಪಕ್ಷನಿಷ್ಠೆಯೋ ಎಂಬ ಚರ್ಚೆ ಅವರ ಹೆಸರಿನೊಂದಿಗೆ ಉಳಿದುಕೊಂಡಿತು.

ತಮ್ಮ ಸರದಿ

1979ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಯ ಅವಧಿ ಮುಗಿಸಿ ಜತ್ತಿ ಅವರು ಬೆಂಗಳೂರಿಗೆ ಮರಳಿದರು. 1964ರಲ್ಲಿ ತಾವು ಸ್ಥಾಪಿಸಿದ್ದ ಬಸವ ಸಮಿತಿಯ ಕಾರ್ಯಗಳಲ್ಲಿ ತೊಡಗಿಕೊಂಡರು.

ಇಲ್ಲೊಂದು ವಿಚಿತ್ರವಿದೆ. ನಿವೃತ್ತ ರಾಷ್ಟ್ರಪತಿಗಳ ಪಿಂಚಣಿಗೆ 1951ರಲ್ಲಿಯೇ ಕಾಯ್ದೆ ಬಂದಿತ್ತು. ನಿವೃತ್ತ ಉಪರಾಷ್ಟ್ರಪತಿಗಳಿಗೆ ಅಂತಹ ಪ್ರತ್ಯೇಕ ಕಾಯ್ದೆ ಬಂದದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಜತ್ತಿ ಅವರು ಆ ಸ್ಥಾನ ಬಿಟ್ಟು 18 ವರ್ಷಗಳಾಗಿದ್ದವು, ಅವರ ವಯಸ್ಸು 85ರ ಸಮೀಪದಲ್ಲಿತ್ತು. ಐದು ಆಡಳಿತಗಳ ಗುಮಾಸ್ತರ ಮುಪ್ಪಿಗೆ ನಿಯಮವಿದ್ದ ದೇಶದಲ್ಲಿ ಎರಡನೆಯ ಅತ್ಯುನ್ನತ ಹುದ್ದೆಯ ಮುಪ್ಪನ್ನು ಕುರಿತು ಯೋಚಿಸಲು ಸಂಸತ್ತು ಅಷ್ಟು ಕಾಲ ತೆಗೆದುಕೊಂಡಿತು. ಕಾಯ್ದೆ ಬಂದ ಐದು ವರ್ಷಗಳ ನಂತರ, 2002ರ ಜೂನ್ 7ರಂದು, ಅವರು ಬೆಂಗಳೂರಿನಲ್ಲಿ ನಿಧನರಾದರು.

ಅವರ ಕಾಲ ಎತ್ತಿದ ಪ್ರಶ್ನೆ ಅವರೊಂದಿಗೆ ಮುಗಿಯಲಿಲ್ಲ. 2006ರ ಏಪ್ರಿಲ್ 1ರಂದು ಮತ್ತು ನಂತರ ರಾಜ್ಯ ಸರ್ಕಾರದ ಸೇವೆಗೆ ಸೇರಿದವರನ್ನು ಹಳೆಯ ನಿಶ್ಚಿತ ಪಿಂಚಣಿಯಿಂದ ಹೊರಗಿಟ್ಟು, ವಂತಿಗೆಯನ್ನು ಆಧರಿಸಿದ ಹೊಸ ಯೋಜನೆಗೆ ಒಳಪಡಿಸಲಾಯಿತು. ಇದರ ವಿರುದ್ಧ ನೌಕರರು ಬೀದಿಗಿಳಿದಾಗಲೆಲ್ಲ ಕೇಳಿಬಂದದ್ದು ಹಳೆಯ ಜಮಖಂಡಿಯ ಕಾರಕೂನನ ಪ್ರಶ್ನೆಯೇ: ದುಡಿಸಿಕೊಂಡ ಸರ್ಕಾರ ಮುಪ್ಪಿನಲ್ಲಿ ಎಷ್ಟು ದೂರ ಜೊತೆಗೆ ಬರುತ್ತದೆ?

ಸಂಸ್ಥಾನದ ಕೊನೆಯ ದಿವಾನರ ಕಾಲದಲ್ಲಿ ಅದಕ್ಕೆ ಒಂದು ಸ್ಪಷ್ಟ ಉತ್ತರವಿತ್ತು. ಅರಸು ಹೋಗಬಹುದು, ಗಡಿ ಹೋಗಬಹುದು, ದಫ್ತರದ ಲಿಪಿ ಕೂಡ ಓದಲಾರದಂತಾಗಬಹುದು. ಮೂವತ್ತು ವರ್ಷ ದುಡಿದವನ ಲೆಕ್ಕವನ್ನು ಮಾತ್ರ ಮುಂದೆ ಬರುವ ಸರ್ಕಾರ ತನ್ನದೆಂದು ಒಪ್ಪಿಕೊಳ್ಳಬೇಕು. ಆ ಉತ್ತರ ಎಲ್ಲರನ್ನೂ ತಲುಪಲಿಲ್ಲ. ಬನಹಟ್ಟಿಯ ಮಗ್ಗದ ಮುಂದೆ, ಬಾಡಗಂಡಿಯಂತಹ ಊರುಗಳ ಚಾವಡಿಯ ಕಟ್ಟೆಯ ಮೇಲೆ ಅದಕ್ಕಾಗಿ ಕಾದವರಿದ್ದರು. ತಲುಪಿದ ಮನೆಗಳಲ್ಲಿ ಮಾತ್ರ ತಿಂಗಳ ಮೊದಲ ವಾರದಲ್ಲಿ ಖಜಾನೆಯಿಂದ ಬರುವ ಹಣ, ಅಳಿದ ಸಂಸ್ಥಾನವೊಂದು ಕೊಟ್ಟಿದ್ದ ಮಾತನ್ನು ಬಹುಕಾಲ ನಡೆಸಿಕೊಟ್ಟಿತು.